ಬೆಳಗಿನ ಹುಳಿ, ಸಂಜೆಯ ಸಪ್ಪೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಸ್ವಲ್ಪ ಸಂಕೋಚದಿಂದಲೇ, "ಸಾರ್, ನಗಬೇಡಿ. ಮನೆಯೊಳಗೆ ಇಟ್ಕೊಳ್ಳೋಣ ಅಂತ ನರ್ಸರಿಯಿಂದ ಮೂರು ಗಿಡ ತಂದಿದ್ದೆ. ದಪ್ಪ ದಪ್ಪ ಎಲೆಯವು. ದಿನಾ ತಪ್ಪದೆ ನೀರು ಹಾಕ್ದೆ. ಮೂರೂ ಬುಡದಲ್ಲೇ ಕೊಳೆತು ಹೋದವು. ನಾನೇನು ತಪ್ಪು ಮಾಡ್ದೆ ಸಾರ್?" ಎಂದಳು.

"ದಿನಾ ತಪ್ಪದೆ ನೀರು ಹಾಕಿದ್ದೇ ತಪ್ಪು ಕಣಮ್ಮ" ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆದರೆ ದೂರವಾಣಿ ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ಆ ದಪ್ಪ ಎಲೆಯ ಜಾತಿಯ ಒಂದು ಗಿಡದ ವಿಷಯದಲ್ಲಿ ನಾನು ಮಾಡಿದ ತಪ್ಪೊಂದು ನಲವತ್ತು ವರ್ಷಗಳಿಂದ ನನ್ನ ಲೆಕ್ಕದಲ್ಲಿ ಉಳಿದುಕೊಂಡಿದೆ. ಅವಳ ತಪ್ಪಿಗೆ ಮೂರು ಕುಂಡಗಳು ಬರಿದಾದವು, ಅಷ್ಟೆ. ನನ್ನ ತಪ್ಪಿಗೆ ಗುರಿಯಾದವನು ಒಬ್ಬ ಹುಡುಗ. ಅವಳ ಪ್ರಶ್ನೆಗೆ ಸವಿಸ್ತಾರವಾಗಿ ಉತ್ತರ ಬರೆಯುವ ನೆಪದಲ್ಲಿ ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ಗಿಡದ ಪರಿಚಯವಾಗಲಿ. ನಮ್ಮ ಕಡೆ ಅದಕ್ಕೆ ಕಾಡುಬಸಳೆ ಎನ್ನುತ್ತಾರೆ. ಸಾರಿಗೆ ಹಾಕುವ ಬಸಳೆಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಎಲೆ ಮಾತ್ರ ಅದರಂತೆಯೇ ದಪ್ಪ. ಹಿತ್ತಿಲಿನ ಕಲ್ಲುಕಟ್ಟೆಯ ಸಂದಿನಲ್ಲಿ, ಹಳೆಯ ಬಾವಿಯ ಕಟ್ಟೆಯ ಬಿರುಕಿನಲ್ಲಿ, ಯಾರೂ ನೀರೆರೆಯದ ಜಾಗದಲ್ಲಿ ಇದು ತಾನಾಗಿ ಬೆಳೆದು ನಿಂತಿರುತ್ತದೆ. ಎಲೆಯ ಅಂಚಿನಲ್ಲಿ ಕಚ್ಚು ಮಾಡಿದಂತಹ ಸಣ್ಣ ಸಣ್ಣ ತಗ್ಗುಗಳು. ಒಂದು ಎಲೆಯನ್ನು ಕಿತ್ತು ನೆಲದ ಮೇಲೆ ಬಿಟ್ಟರೆ ಆ ಒಂದೊಂದು ತಗ್ಗಿನಿಂದಲೂ ಒಂದೊಂದು ಮರಿಗಿಡ ಎದ್ದುಬರುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಉದ್ದನೆಯ ದಂಟಿನ ತುದಿಯಲ್ಲಿ ತಲೆಕೆಳಗಾಗಿ ತೂಗುವ ಹೂಗಳು. ಅವುಗಳ ಹೊರಕವಚ ಗಾಳಿ ತುಂಬಿದ ಕಾಗದದ ಬುರುಡೆಯಂತಿರುತ್ತದೆ. ಬಾಲ್ಯದಲ್ಲಿ ಅವನ್ನು ಬೆರಳ ನಡುವೆ ಒತ್ತಿ 'ಟಪ್' ಎನ್ನಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಸಸ್ಯಶಾಸ್ತ್ರಜ್ಞರು ಇದನ್ನು ಕಲಾಂಕೊ ಪಿನ್ನೇಟ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದರ ಇನ್ನೊಂದು ಹೆಸರು ಬ್ರಯೋಫಿಲಂ. ಗ್ರೀಕ್ ಭಾಷೆಯಲ್ಲಿ 'ಚಿಗುರುವ ಎಲೆ' ಎಂದು ಅರ್ಥ.

ನನ್ನ ತಪ್ಪು ನಡೆದದ್ದು 1984ರಲ್ಲಿ. ಆಗ ನಾನಿದ್ದ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರ ಹುದ್ದೆ ಕೆಲವು ತಿಂಗಳು ಖಾಲಿಯಿತ್ತು. ಇತಿಹಾಸ ಮತ್ತು ಪೌರನೀತಿ ಹೇಳಿಕೊಡುತ್ತಿದ್ದ ನನಗೇ ಎಂಟನೆಯ ತರಗತಿಯ ಜೀವಶಾಸ್ತ್ರವನ್ನೂ ವಹಿಸಿದರು. ಸಸ್ಯಗಳ ಕಾಯಜ ಸಂತಾನೋತ್ಪತ್ತಿಯ ಪಾಠ. ಮಧ್ಯಾಹ್ನದ ಊಟದ ನಂತರದ ಅವಧಿ. ನಾನು ಶಾಲೆಯ ಹಿಂದಿನ ಕಲ್ಲುಗೋಡೆಯಿಂದ ನಾಲ್ಕು ಕಾಡುಬಸಳೆ ಎಲೆಗಳನ್ನು ತಂದು ಮಕ್ಕಳ ಕೈಗೆ ಕೊಟ್ಟು ಅಂಚಿನ ತಗ್ಗುಗಳನ್ನು ತೋರಿಸುತ್ತಿದ್ದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದವನು. ಬೆಳಿಗ್ಗೆ ದನ ಬಿಟ್ಟುಬಂದು ಶಾಲೆಗೆ ಬರುವುದು, ಸಂಜೆ ಮತ್ತೆ ದನ ಹೊಡೆದುಕೊಂಡು ಮನೆಗೆ ಹೋಗುವುದು ಅವನ ದಿನಚರಿ. ಮಾತು ಬಹಳ ಕಡಿಮೆ. ಅವನು ಹೇಳಿದ: "ಸಾರ್, ಈ ಎಲೆ ಬೆಳಿಗ್ಗೆ ಹುಳಿ ಇರ್ತದೆ. ಸಾಯಂಕಾಲ ಹುಳಿ ಇರಲ್ಲ. ಯಾಕ್ ಸಾರ್?"

ನನಗೆ ಉತ್ತರ ಗೊತ್ತಿರಲಿಲ್ಲ. 'ಗೊತ್ತಿಲ್ಲಪ್ಪ, ನೋಡಿ ಹೇಳುತ್ತೇನೆ' ಎನ್ನಬಹುದಿತ್ತು. ಎನ್ನಲಿಲ್ಲ. ನನ್ನದಲ್ಲದ ವಿಷಯವನ್ನು ಬೋಧಿಸುತ್ತಿದ್ದೇನೆಂಬ ಅಳುಕು ಒಳಗೇ ಇತ್ತು. ಅದು ಕೋಪವಾಗಿ ಹೊರಬಂತು. ಒಂದು ಎಲೆಯ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಸಪ್ಪೆ. ಹುಳಿಯ ಸುಳಿವೂ ಇಲ್ಲ. "ಎಲ್ಲಯ್ಯ ನಿನ್ನ ಹುಳಿ? ಒಂದೇ ಎಲೆಗೆ ಎರಡು ರುಚಿ ಇರುತ್ತೇನಯ್ಯ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಪಾಠದ ನಡುವೆ ಇಲ್ಲದ್ದನ್ನು ಹೇಳಿದನೆಂದು ಅವಧಿ ಮುಗಿಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಹತ್ತನೆಯ ತರಗತಿ ಮುಗಿಸಿ ಅವನು ಶಾಲೆ ಬಿಡುವವರೆಗೂ, ಎರಡು ವರ್ಷ, ನನ್ನ ಯಾವ ತರಗತಿಯಲ್ಲೂ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ಅದನ್ನು ನಾನು ಗಮನಿಸಿಯೂ ಇರಲಿಲ್ಲ. ನೆನಪಿಗೆ ಬಂದದ್ದು ಬಹಳ ತಡವಾಗಿ.

ಈಗ ಗಿಡದ ಇತಿಹಾಸಕ್ಕೆ ಬರೋಣ.

ನಮ್ಮ ಬಾವಿಕಟ್ಟೆಯ ಮೇಲೆ ಇಷ್ಟು ಸಲೀಸಾಗಿ ಬೆಳೆಯುವ ಈ ಗಿಡ ನಮ್ಮ ನೆಲದ್ದಲ್ಲ. ಇದರ ತವರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಫ್ರಾನ್ಸಿನ ಲಾಮಾರ್ಕ್ 1786ರಲ್ಲಿ ಇದಕ್ಕೆ ಮೊದಲು ಶಾಸ್ತ್ರೀಯವಾದ ಹೆಸರಿಟ್ಟ. ಜೀವವಿಕಾಸದ ಪಾಠದಲ್ಲಿ ಜಿರಾಫೆಯ ಕತ್ತಿನೊಂದಿಗೆ ಬರುವ ಲಾಮಾರ್ಕನೇ ಈತ. ಹಡಗುಗಳ ಕಾಲದಲ್ಲಿ ಇದು ಪೂರ್ವದ ಮೊಲುಕ್ಕಾ ದ್ವೀಪಗಳಿಗೂ ತಲುಪಿತ್ತು. ಲವಂಗ, ಜಾಯಿಕಾಯಿಗಾಗಿ ಯುರೋಪಿನವರು ಕಾದಾಡಿದ ದ್ವೀಪಗಳು ಅವು. ಅಲ್ಲಿಂದ 1799ರಲ್ಲಿ ಲೇಡಿ ಕ್ಲೈವ್ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿಕೊಟ್ಟಳೆಂದು ಹಳೆಯ ಸಸ್ಯಗ್ರಂಥಗಳು ಹೇಳುತ್ತವೆ. ಈ ಹೆನ್ರಿಯೆಟಾ ಕ್ಲೈವ್ ಆಗಿನ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಪತ್ನಿ. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಸೊಸೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ತನ್ನ ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನೂ ಸುತ್ತಿಹೋದವಳು. ಗಿಡಗಳನ್ನು ಸಂಗ್ರಹಿಸುವುದು ಅವಳಿಗೆ ಪ್ರಿಯವಾದ ಹವ್ಯಾಸವಾಗಿತ್ತು.

ಬೇರೆ ಗಿಡಗಳಿಗೆ ಸಮುದ್ರಯಾನ ಸುಲಭವಾಗಿರಲಿಲ್ಲ. ಉಪ್ಪುಗಾಳಿ, ಬಿಸಿಲು, ಕುಡಿಯುವ ನೀರಿನ ಅಭಾವ. ಹಡಗಿನವರು ತಮ್ಮ ಪಾಲಿನ ನೀರನ್ನು ಗಿಡಕ್ಕೆ ಹಾಕುವುದುಂಟೆ? ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ರೂಪಿಸಿ 1833ರಲ್ಲಿ ಅದರೊಳಗೆ ಗಿಡಗಳನ್ನು ಸಿಡ್ನಿಗೆ ಕಳುಹಿಸಿ ತೋರಿಸುವವರೆಗೂ ದೂರ ಪ್ರಯಾಣದಲ್ಲಿ ಬಹುಪಾಲು ಗಿಡಗಳು ದಾರಿಯಲ್ಲೇ ಸಾಯುತ್ತಿದ್ದವು. ಕಾಡುಬಸಳೆಯಂತಹ ಗಿಡಕ್ಕೆ ಆ ಗಾಜಿನ ಪೆಟ್ಟಿಗೆ ಬೇಕಾಗಲೇ ಇಲ್ಲ. ತನ್ನ ನೀರನ್ನು ತಾನೇ ಎಲೆಯಲ್ಲಿ ಹೊತ್ತುಕೊಂಡು ಹೊರಟ ಪ್ರಯಾಣಿಕ ಅದು. ಒಂದು ಎಲೆ ಬದುಕಿ ದಡ ಸೇರಿದರೂ ಸಾಕಿತ್ತು.

1805ರ ಹೊತ್ತಿಗೆ ಅದು ಲಂಡನ್ ಸೇರಿ, ಸಾಲ್ಸ್‌ಬರಿ ಎಂಬ ಸಸ್ಯಶಾಸ್ತ್ರಜ್ಞನಿಂದ ಬ್ರಯೋಫಿಲಂ ಎಂಬ ಹೆಸರನ್ನು ಪಡೆದಿತ್ತು. ಅಲ್ಲಿಂದ ಮುಂದೆ ಜರ್ಮನಿಯ ವೈಮಾರ್ ನಗರದಲ್ಲಿ ಮಹಾಕವಿ ಗಯಟೆಯ ಮನೆಯೊಳಗೂ ಪ್ರವೇಶಿಸಿತು. ಗಯಟೆ ಕವಿ ಮಾತ್ರವಲ್ಲ, ಸಸ್ಯಗಳ ರೂಪಾಂತರವನ್ನು ಕುರಿತು 1790ರಲ್ಲಿ ಗ್ರಂಥವನ್ನೇ ಬರೆದವನು. ಗಿಡದ ಹೂವು, ದಳ, ಕೇಸರಗಳೆಲ್ಲವೂ ಎಲೆಯ ಮಾರ್ಪಾಡುಗಳೇ ಎಂಬುದು ಅವನ ಸಿದ್ಧಾಂತ. ಅಂಥವನಿಗೆ ಒಂದು ಎಲೆಯ ಅಂಚಿನಿಂದ ಇಡೀ ಗಿಡವೇ ಹುಟ್ಟುವುದು ಕಂಡರೆ ಹೇಗಾಗಿರಬೇಡ! ವೃದ್ಧಾಪ್ಯದಲ್ಲಿ ಅವನು ಈ ಗಿಡವನ್ನು ಅಕ್ಕರೆಯಿಂದ ಬೆಳೆಸಿ, ಅದರ ಎಲೆಗಳನ್ನೂ ಮರಿಗಳನ್ನೂ ಸ್ನೇಹಿತರಿಗೆ ಕಳುಹಿಸುತ್ತಿದ್ದ. ಮರಿಯಾನೆ ಫಾನ್ ವಿಲೆಮರ್ ಎಂಬ ಗೆಳತಿಗೆ 1826ರಲ್ಲಿ ಒಂದು ಪದ್ಯದೊಡನೆ ಕಳುಹಿಸಿದ್ದ. ಜರ್ಮನಿಯಲ್ಲಿ ಇದಕ್ಕೆ ಇಂದಿಗೂ 'ಗಯಟೆ ಗಿಡ' ಎಂಬ ಹೆಸರಿದೆ. ಹಿಮ ಬೀಳುವ ನಾಡಿನಲ್ಲಿ ಅದು ಹೊರಗೆ ಬದುಕಲಾರದು. ಹೀಗಾಗಿ ಮನೆಯೊಳಗಿನ ಗಿಡವಾಯಿತು. ನಮ್ಮಲ್ಲಿ ಬಾವಿಕಟ್ಟೆಗೆ ಸೇರಿದ್ದು ಅಲ್ಲಿ ಮಹಾಕವಿಯ ಮನೆಯೊಳಗೆ ಬೆಳೆಯಿತು.

ಇನ್ನು ಈ ಕಥೆಯ ಮುಖ್ಯ ಪಾತ್ರ. ಅವನ ಹೆಸರು ಬೆಂಜಮಿನ್ ಹೈನೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದವನು, 1770ರಲ್ಲಿ ಜನಿಸಿದವನು. ಮಿಷನರಿಗಳ ಜೊತೆ ತರಂಗಂಬಾಡಿಗೆ ಬಂದು, ಅನಂತರ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ, ಇಂದಿನ ಆಂಧ್ರದ ಸಾಮಲಕೋಟದಲ್ಲಿ ಕಂಪನಿಯ ತೋಟದ ಕೆಲಸ ನೋಡಿಕೊಂಡ. ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಸಸ್ಯಪ್ರೇಮಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಂಪನಿಯವರು ಮೈಸೂರು ಸೀಮೆಯ ಸರ್ವೆಗೆ ಕಾಲಿನ್ ಮೆಕೆಂಜಿಯನ್ನು ನೇಮಿಸಿದಾಗ ಹೈನೆಯೂ ಆ ತಂಡದಲ್ಲಿ ಬಂದ. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ ಈಗ ಕಂಪನಿಯ ವಶವಾಗಿತ್ತು. ಅದರ ಉಸ್ತುವಾರಿಯೂ ಹೈನೆಯ ಪಾಲಿಗೆ ಬಂತು. ಅಂದದ ಗಿಡಗಳಿಗಿಂತ ಉಪಯುಕ್ತ ಗಿಡಗಳಿಗೆ ಗಮನ ಕೊಡಬೇಕೆಂಬುದು ಅವನಿಗೆ ಸಿಕ್ಕ ಆದೇಶ. ಕಂಪನಿಗೆ ಬೇಕಾದದ್ದು ಲಾಭ, ಹೂವಲ್ಲ.

ಈ ಹೈನೆ 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಲ್ಯಾಂಬರ್ಟ್ ಎಂಬ ವಿದ್ವಾಂಸನಿಗೆ ಒಂದು ಪತ್ರ ಬರೆದ. 1815ರಲ್ಲಿ ಆ ಸಂಸ್ಥೆಯ ಸಂಪುಟದಲ್ಲಿ ಅದು ಅಚ್ಚಾಯಿತು. ಬಹಳ ಚಿಕ್ಕ ಪತ್ರ, ಎರಡು ಮೂರು ಪುಟ ಅಷ್ಟೆ. ವಿಷಯವಿಷ್ಟು: ಭಾರತದ ತೋಟಗಳಲ್ಲಿ ಬೆಳೆಸಿರುವ ಕಾಡುಬಸಳೆಯ ಎಲೆ ಮುಂಜಾನೆ ತೀರ ಹುಳಿಯಾಗಿರುತ್ತದೆ, ಹೊತ್ತೇರಿದಂತೆ ಹುಳಿ ಇಳಿಯುತ್ತ ಬಂದು ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇಲ್ಲದಂತಾಗುತ್ತದೆ, ಸಂಜೆಯ ಹೊತ್ತಿಗೆ ತುಸು ಕಹಿಯಾಗುತ್ತದೆ.

ಈ ಪತ್ರದ ಸಂಗತಿಯನ್ನು ನಾನು ಮೊದಲು ಓದಿದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, 2016ರಲ್ಲಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮೊಮ್ಮಗನನ್ನು ಕರೆದೊಯ್ದಿದ್ದೆ. ಮನೆಗೆ ಬಂದ ಮೇಲೆ, ಇತಿಹಾಸದ ಮೇಷ್ಟ್ರ ಹಳೆಯ ಚಾಳಿಯಂತೆ, ಆ ತೋಟದ ಪೂರ್ವಕಥೆಯನ್ನು ಅಂತರ್ಜಾಲದಲ್ಲಿ ಹುಡುಕುತ್ತ ಹೋದೆ. ಹಳೆಯ ಸಂಪುಟಗಳೆಲ್ಲ ಈಗ ಮನೆಯಲ್ಲೇ ಕುಳಿತು ಓದಲು ದೊರೆಯುತ್ತವೆಯಷ್ಟೆ. ಹೈನೆಯ ಹೆಸರಿನಿಂದ ಅವನ ಪತ್ರಕ್ಕೆ ಬಂದೆ. ಮುಂಜಾನೆಯ ಹುಳಿ, ಮಧ್ಯಾಹ್ನದ ಸಪ್ಪೆ ಎಂಬಲ್ಲಿಗೆ ಬರುತ್ತಿದ್ದಂತೆ ಓದುವುದು ನಿಂತಿತು. ಹಿಂದಿನ ಬೆಂಚಿನ ಮೇಲೆ ತಲೆ ತಗ್ಗಿಸಿ ನಿಂತಿದ್ದ ಹುಡುಗ ಕಣ್ಣಮುಂದೆ ಬಂದ.

ಅದೇ ಮಾತು! ವಿಜ್ಞಾನದ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ಆ ವೀಕ್ಷಣೆಯನ್ನೇ ದನ ಕಾಯುವ ಹುಡುಗನೊಬ್ಬ ಯಾವ ಪುಸ್ತಕವನ್ನೂ ನೋಡದೆ, ತನ್ನ ನಾಲಗೆಯಿಂದ ಕಂಡುಕೊಂಡು ನನ್ನ ಮುಂದೆ ಇಟ್ಟಿದ್ದ. ಹೈನೆಗೆ ವಿದ್ವಾಂಸರ ಸಂಸ್ಥೆ ಕಿವಿಗೊಟ್ಟಿತು. ಈ ಹುಡುಗನಿಗೆ ಸಿಕ್ಕಿದ ಸಂಸ್ಥೆ ನಾನು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅವನು 'ಬೆಳಿಗ್ಗೆ' ಎಂದು ಸ್ಪಷ್ಟವಾಗಿ ಹೇಳಿದ್ದ. ನಾನು ಮಧ್ಯಾಹ್ನ ಎರಡು ಗಂಟೆಯಲ್ಲಿ ರುಚಿ ನೋಡಿ ಅವನನ್ನು ಸುಳ್ಳುಗಾರನೆಂದು ತೀರ್ಮಾನಿಸಿದೆ. ನನ್ನ ಬಾಯಿಗೆ ಎಲೆ ಸಪ್ಪೆಯಾಗಿದ್ದುದೇ ಅವನ ಮಾತಿನ ಅರ್ಧಭಾಗಕ್ಕೆ ಸಾಕ್ಷಿಯಾಗಿತ್ತು. ಸಾಕ್ಷ್ಯವನ್ನು ಅದರ ಕಾಲದೇಶಗಳಲ್ಲಿಟ್ಟು ಪರೀಕ್ಷಿಸಬೇಕೆಂದು ವರ್ಷವೆಲ್ಲ ಇತಿಹಾಸದ ತರಗತಿಯಲ್ಲಿ ಹೇಳುತ್ತಿದ್ದವನು ನಾನೇ!

ಮರುದಿನ ಬೆಳಗ್ಗೆ ಆರು ಗಂಟೆಗೆ ಎದ್ದು ಹಿತ್ತಿಲಿಗೆ ಹೋಗಿ ಕಡಲೆಕಾಳಿನಷ್ಟು ಎಲೆಯ ತುಣುಕನ್ನು ನಾಲಗೆಗೆ ತಾಗಿಸಿದೆ. ಹುಣಸೆಚಿಗುರಿನಂತಹ ಹುಳಿ. ಉಗುಳಿದೆ. ಸಂಜೆ ಐದಕ್ಕೆ ಅದೇ ಗಿಡದ ಇನ್ನೊಂದು ಎಲೆ, ಸಪ್ಪೆ. ಮೂವತ್ತೆರಡು ವರ್ಷ ತಡವಾಗಿ ಪ್ರಯೋಗ ಮುಗಿಯಿತು. (ನೀವು ಇದನ್ನು ಬಾಯಿಯಲ್ಲಿ ಮಾಡಬೇಡಿ. ಈ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ಹಾನಿಮಾಡುವ ವಿಷಾಂಶಗಳಿವೆ; ಇದರ ಸಂಬಂಧಿ ಗಿಡಗಳನ್ನು ಮೇದು ದನಗಳು ಸತ್ತದ್ದು ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ದಾಖಲಾಗಿದೆ. ಮೂತ್ರಪಿಂಡದ ಕಲ್ಲಿಗೆ ಮದ್ದೆಂದು ಎಲೆ ತಿನ್ನುವವರು ಮೊದಲು ವೈದ್ಯರನ್ನು ಕೇಳಲಿ. ಶಾಲೆಗಳಲ್ಲಿರುವ ಅಧ್ಯಾಪಕ ಶಿಷ್ಯರು ಎಲೆಯನ್ನು ಜಜ್ಜಿ ಪಿಎಚ್ ಕಾಗದದಿಂದ ಬೆಳಿಗ್ಗೆ ಮತ್ತು ಸಂಜೆ ಪರೀಕ್ಷಿಸಿ ಮಕ್ಕಳಿಗೆ ತೋರಿಸಬಹುದು.)

ಹಾಗಾದರೆ ಹುಡುಗನ 'ಯಾಕ್ ಸಾರ್' ಎಂಬ ಪ್ರಶ್ನೆಗೆ ಉತ್ತರವೇನು? ಎಲೆಯ ಮೈಯಲ್ಲಿ ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳಿರುತ್ತವೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಅವನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುತ್ತವೆ. ಆದರೆ ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಹೋಗುವುದನ್ನು ತಡೆಯಲಾಗದು. ಒಣ ಸೀಮೆಯ ಗಿಡಕ್ಕೆ ಇದು ದುಬಾರಿ ವ್ಯಾಪಾರ. ಆದ್ದರಿಂದ ಕಾಡುಬಸಳೆಯಂತಹ ಗಿಡಗಳು ಹಗಲೆಲ್ಲ ಬಾಗಿಲು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಬೆಳಕಿಲ್ಲ, ಅಡುಗೆ ಆಗದು. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ, ಜೀವಕೋಶದ ರಸದಾನಿಯಲ್ಲಿ ತುಂಬಿಡುತ್ತವೆ. ಸೇಬಿನ ಹುಳಿಯೂ ಇದೇ ಆಮ್ಲ. ಬೆಳಗಿನ ಜಾವಕ್ಕೆ ಎಲೆಯ ತುಂಬ ಹುಳಿ. ಸೂರ್ಯ ಹುಟ್ಟಿದ ಮೇಲೆ ಬಾಗಿಲು ಹಾಕಿಕೊಂಡು, ಆ ಆಮ್ಲದಿಂದಲೇ ಇಂಗಾಲದ ಡೈಆಕ್ಸೈಡನ್ನು ಬಿಡಿಸಿಕೊಂಡು, ಹಗಲಿಡೀ ಅಡುಗೆ ನಡೆಸುತ್ತವೆ. ಉಗ್ರಾಣ ಖಾಲಿಯಾದಂತೆ ಹುಳಿಯೂ ಇಳಿಯುತ್ತದೆ.

ಇಷ್ಟನ್ನು ತಿಳಿಯಲು ಮನುಷ್ಯನಿಗೆ ನೂರೈವತ್ತು ವರ್ಷಗಳು ಹಿಡಿದವು. ಜಿನೀವಾದ ಸೊಸ್ಯೂರ್ ಎಂಬಾತ 1804ರಲ್ಲೇ ಪಾಪಾಸುಕಳ್ಳಿಯ ಜಾತಿಯ ಗಿಡ ಕತ್ತಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರುವುದನ್ನು ಗುರುತಿಸಿದ್ದ. ಹೈನೆ ರುಚಿಯ ಬದಲಾವಣೆಯನ್ನು ಹೇಳಿದ. ಈ ಎರಡು ಎಳೆಗಳೂ ಒಂದೇ ಹಗ್ಗಕ್ಕೆ ಸೇರಿದವೆಂದು ಖಚಿತವಾದದ್ದು 20ನೆಯ ಶತಮಾನದ ನಡುಭಾಗದಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೆರಿಯನ್ ಥಾಮಸ್ ಮತ್ತು ರ‍್ಯಾನ್ಸನ್ ಎಂಬ ವಿಜ್ಞಾನಿಗಳು ಈ ವಿಧಾನಕ್ಕೆ ಈ ಗಿಡದ ಕುಟುಂಬವಾದ ಕ್ರಾಸ್ಯುಲೇಸಿಯ ಹೆಸರನ್ನೇ ಇಟ್ಟರು. ವಿಜ್ಞಾನದ ವಿದ್ಯಾರ್ಥಿಗಳು ಅದನ್ನು 'ಕ್ಯಾಮ್' ಎಂದು ಚಿಕ್ಕದಾಗಿ ಕರೆಯುತ್ತಾರೆ. ಅನಾನಸು, ಕತ್ತಾಳೆ, ಪಾಪಾಸುಕಳ್ಳಿ, ಲೋಳೆಸರಗಳೂ ಇದೇ ಮಾರ್ಗದವು.

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ತಿದ್ದಿಕೊಳ್ಳಬೇಕು. 'ರಾತ್ರಿ ಗಿಡಗಳು ವಿಷಗಾಳಿ ಬಿಡುತ್ತವೆ, ಮಲಗುವ ಕೋಣೆಯಲ್ಲಿ ಗಿಡ ಇಡಬೇಡಿ' ಎಂದು ನಿಮಗೆಲ್ಲ ಹೇಳಿಕೊಟ್ಟವನು ನಾನು. ಈ ಭಯದ ಮೂಲ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನವರೆಗೂ ಹೋಗುತ್ತದೆ. ಸಸ್ಯಗಳು ಬಿಸಿಲಿನಲ್ಲಿ ಗಾಳಿಯನ್ನು ಶುದ್ಧಗೊಳಿಸುತ್ತವೆ, ಕತ್ತಲೆಯಲ್ಲಿ ಕೆಡಿಸುತ್ತವೆ ಎಂದು ಅವನು 1779ರಲ್ಲಿ ಪ್ರಕಟಿಸಿದ. ವೀಕ್ಷಣೆ ಸರಿಯೇ, ಭಯ ಮಾತ್ರ ಅಳತೆ ಮೀರಿದ್ದು. ಕುಂಡದ ಗಿಡವೊಂದು ರಾತ್ರಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದ ಮನುಷ್ಯನ ಉಸಿರಿನ ಮುಂದೆ ಏನೇನೂ ಅಲ್ಲ.

ಈಗಿನ ನರ್ಸರಿಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು ಕೇಳಿಬರುತ್ತಿದೆ: 'ಇದು ರಾತ್ರಿಯೆಲ್ಲ ಆಮ್ಲಜನಕ ಕೊಡುವ ಗಿಡ' ಎಂದು. ಅದೂ ಸರಿಯಲ್ಲ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿ ನೀರು ಒಡೆದಾಗ. ಕತ್ತಲೆಯಲ್ಲಿ ಯಾವ ಗಿಡವೂ ಅದನ್ನು ತಯಾರಿಸದು. ದಪ್ಪ ಎಲೆಯ ಗಿಡ ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ ಎಂಬಷ್ಟು ಮಾತ್ರ ನಿಜ. ನಾಲ್ಕು ಕುಂಡಗಳಿಂದ ಮನೆಯ ಗಾಳಿ ಶುದ್ಧವಾಗುತ್ತದೆ ಎಂಬ ಪ್ರಚಾರಕ್ಕೆ 1989ರ ನಾಸಾ ಪ್ರಯೋಗವೊಂದನ್ನು ಆಧಾರವಾಗಿ ಹೇಳುತ್ತಾರೆ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂತಹ ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯು, ಕಿಟಕಿ ಬಾಗಿಲುಗಳಿರುವ ಮನೆಯಲ್ಲಿ ಇದರ ಪರಿಣಾಮ ಗಣನೆಗೆ ಬಾರದಷ್ಟು ಕಡಿಮೆ ಎಂದು ತೋರಿಸಿದೆ. ಗಿಡವನ್ನು ಗಿಡವೆಂದೇ ಪ್ರೀತಿಸೋಣ. ಯಂತ್ರವೆಂದು ಕೊಳ್ಳುವುದು ಬೇಡ.

ಈಗ, ಅಮ್ಮಾ, ನಿನ್ನ ಮೂರು ಕುಂಡಗಳ ವಿಷಯ. ಗಿಡದ ಈ ಜೀವನಕ್ರಮ ತಿಳಿದರೆ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅದು ನೀರನ್ನು ಕೂಡಿಟ್ಟುಕೊಂಡು ಬದುಕುವ ಗಿಡ. ಹಗಲು ಬಾಗಿಲು ಮುಚ್ಚಿಕೊಂಡಿರುವುದರಿಂದ ಅದಕ್ಕೆ ಖರ್ಚೇ ಕಡಿಮೆ. ಖರ್ಚಿಲ್ಲದವನ ಮನೆಗೆ ದಿನಾ ಮೂಟೆ ಹೊರಿಸಿದರೆ ಮೂಟೆ ಕೊಳೆಯುತ್ತದೆ. ಸದಾ ಒದ್ದೆಯಾದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದು; ಬೇರು ಸತ್ತು, ಶಿಲೀಂಧ್ರ ಸೇರಿ, ಕೊಳೆತ ಬುಡಕ್ಕೆ ಏರುತ್ತದೆ. ಎಲೆ ಹಳದಿಯಾಗಿ ಮೆತ್ತಗಾದಾಗ ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರು ಹಾಕುತ್ತೇವೆ. ನಿನ್ನ ಗಿಡಗಳಿಗೆ ಆದದ್ದು ಇದೇ ಇರಬೇಕು. ನಿಜವಾಗಿ ಬಾಯಾರಿದ ಎಲೆ ಸುಕ್ಕುಗಟ್ಟಿ ತೆಳ್ಳಗಾಗುತ್ತದೆ, ಮೆತ್ತಗೆ ಕೊಳೆಯುವುದಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡು. ಒಳಗೂ ಒಣಗಿದ್ದರೆ, ತಳದ ತೂತಿನಿಂದ ಹರಿಯುವಷ್ಟು ನೀರು ಕೊಡು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡು. ಮತ್ತೆ ಒಣಗುವವರೆಗೂ ಅದರ ತಂಟೆಗೆ ಹೋಗಬೇಡ. ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕಾಗುತ್ತದೆ.

ಕುಂಡ ಮಣ್ಣಿನದಾದರೆ ಉತ್ತಮ. ಅದರ ಗೋಡೆಯೂ ತೇವವನ್ನು ಹೊರಬಿಡುತ್ತದೆ. ತಳದಲ್ಲಿ ತೂತಿಲ್ಲದ ಪಿಂಗಾಣಿ ಬಟ್ಟಲು ಅಂದಕ್ಕೆ ಸರಿ, ಗಿಡಕ್ಕೆ ಕೆರೆ. ಮಣ್ಣಿಗೆ ಅರ್ಧದಷ್ಟಾದರೂ ದಪ್ಪ ಮರಳು, ಇಟ್ಟಿಗೆಯ ಸಣ್ಣ ಚೂರುಗಳು, ಒಂದು ಹಿಡಿ ಹಳೆಯ ಗೊಬ್ಬರ ಬೆರೆಸು. ಬಾವಿಕಟ್ಟೆಯ ಬಿರುಕನ್ನು ಮನೆಯೊಳಗೆ ತಂದಂತೆ ಆಗಬೇಕು, ಅಷ್ಟೆ.

ಹಗಲಿನ ಅಡುಗೆಗೆ ಬೆಳಕು ಬೇಕೇ ಬೇಕು. ರಾತ್ರಿ ಎಷ್ಟು ಕೂಡಿಟ್ಟರೂ ಹಗಲು ಬೆಳಕಿಲ್ಲದಿದ್ದರೆ ವ್ಯರ್ಥ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಕತ್ತಲ ಮೂಲೆಯಲ್ಲಿಟ್ಟರೆ ಕಾಂಡ ಬಿಳಿಚಿಕೊಂಡು ಉದ್ದುದ್ದ ಬೆಳೆದು ಬಾಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸು. ಒಳಗಿದ್ದ ಗಿಡವನ್ನು ಒಮ್ಮೆಗೇ ಮಹಡಿಯ ಬಿಸಿಲಿಗೆ ಒಯ್ಯಬೇಡ, ಎಲೆ ಸುಡುತ್ತದೆ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸು. ಹೂ ಬೇಕೆಂದರೆ, ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಅದಕ್ಕೆ ದೀರ್ಘವಾದ ನಿಜವಾದ ಕತ್ತಲು ಸಿಗಬೇಕು. ರಾತ್ರಿಯೆಲ್ಲ ದೀಪ ಉರಿಯುವ ಕೋಣೆಯಲ್ಲಿ ಕಾಡುಬಸಳೆ ಹೂ ಬಿಡಲು ಒಲ್ಲದು.

ಹೆಚ್ಚಾದ ಮರಿಗಳನ್ನು ಕಾಡಿಗೋ ಹೊಲದ ಬದುವಿಗೋ ಎಸೆಯಬೇಡ. ಹವಾಯಿ, ಗಲಾಪಗಸ್ ದ್ವೀಪಗಳಲ್ಲಿ ಇದು ಸ್ಥಳೀಯ ಗಿಡಗಳನ್ನು ಒತ್ತರಿಸಿ ಹಬ್ಬಿದೆ. ಗಯಟೆಯಂತೆ ಸ್ನೇಹಿತರಿಗೆ ಹಂಚು. ನಿನಗೂ ಒಂದು ಎಲೆಯನ್ನು ಲಕೋಟೆಯಲ್ಲಿಟ್ಟು ಕಳುಹಿಸಿದ್ದೇನೆ. ಹೂಳಬೇಡ; ಮಣ್ಣಿನ ಮೇಲೆ ಅಂಗಾತ ಇಟ್ಟು ಸುಮ್ಮನಿರು. ಅಷ್ಟು ದೂರದ ಅಂಚೆಯ ಪ್ರಯಾಣ ಅದಕ್ಕೊಂದು ಲೆಕ್ಕವಲ್ಲ.

ಕೊನೆಯದಾಗಿ, 1984ರ ಆ ಎಂಟನೆಯ ತರಗತಿಯವರು ಕೆಲವರಾದರೂ ಇದನ್ನು ಓದುತ್ತೀರಿ. ಅಂದು ನಕ್ಕವರಲ್ಲಿ ನೀವೂ ಇದ್ದಿರಬಹುದು. ಆ ನಗುವಿಗೆ ಹೊಣೆ ನಾನು, ನೀವಲ್ಲ. ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ನೆನಪಾಗಿರುತ್ತದೆ. ಹತ್ತನೆಯ ತರಗತಿಯಾದ ಮೇಲೆ ಅವನು ಊರು ಬಿಟ್ಟನೆಂದು ಕೇಳಿದ್ದೆ. ಈಗ ಅವನಿಗೂ ಐವತ್ತು ದಾಟಿರಬೇಕು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಇಷ್ಟು ತಿಳಿಸಿ: 'ನೀನು ಹೇಳಿದ್ದು ಸರಿಯಾಗಿತ್ತು. ಬೆಳಿಗ್ಗೆ ಅದು ಹುಳಿಯೇ. ಮೇಷ್ಟ್ರು ನೋಡಿದ ಹೊತ್ತು ತಪ್ಪು.' ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂಬುದನ್ನೂ ಸೇರಿಸಿ ಹೇಳಿ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಅಸಂಬದ್ಧವೆನ್ನಿಸುವ ಮಾತೊಂದನ್ನು ಹೇಳಿದರೆ, ಗದರುವ ಮೊದಲು ಒಂದು ಮುಂಜಾನೆ ಎದ್ದು ನೋಡಿಬನ್ನಿ. ನಿಮಗೆಲ್ಲ ಒಳ್ಳೆಯದಾಗಲಿ.